ಹಲ್ಲು ಶುಚಿಗೊಳಿಸುವ ಖರ್ಚು: ವಿಮೆ ಕೊಡುವುದೆಷ್ಟು, ಉಳಿದುದಕ್ಕೆ ದಾರಿಯೇನು?

ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ನಮ್ಮೆಲ್ಲರಿಗೂ ಗೊತ್ತು. ಕರಾವಳಿಯ ಅನೇಕ ಮನೆಗಳಲ್ಲಿ ಇದು ಅಕ್ಷರಶಃ ನಿಜವಾಗುತ್ತಿದೆ. ದುಡಿಯುವ ವಯಸ್ಸಿನಲ್ಲಿ ಮಕ್ಕಳ ಫೀಸು, ಮನೆಯ ಸಾಲ, ಮದುವೆಯ ಖರ್ಚುಗಳ ನಡುವೆ ಹಲ್ಲಿಗೆಂದು ಹಣ ತೆಗೆದಿಡುವವರು ಕಡಿಮೆ. ಮಕ್ಕಳು ಕೆಲಸಕ್ಕೆ ಸೇರಿ ಕೈಯಲ್ಲಿ ನಾಲ್ಕು ಕಾಸು ಉಳಿಯುವ ಹೊತ್ತಿಗೆ ದವಡೆಯ ಹಲ್ಲುಗಳು ಒಂದೊಂದಾಗಿ ಹೋಗಿರುತ್ತವೆ. ನೋವು ತಡೆಯಲಾರದೆ ವೈದ್ಯರ ಬಳಿಗೆ ಹೋದಾಗ ಉಳಿಯುವ ದಾರಿ ಎರಡೇ: ಸಾವಿರಾರು ರೂಪಾಯಿಯ ಚಿಕಿತ್ಸೆ, ಇಲ್ಲವೇ ಹಲ್ಲು ಕೀಳಿಸುವುದು. ಬಡವರು ಎರಡನೆಯದನ್ನೇ ಆರಿಸಿಕೊಳ್ಳುತ್ತಾರೆ.

ಸಕಾಲದಲ್ಲಿ ಹಲ್ಲು ಶುಚಿಗೊಳಿಸಿದ್ದರೆ ಇವುಗಳಲ್ಲಿ ಹಲವು ಹಲ್ಲುಗಳನ್ನು ಉಳಿಸಬಹುದಿತ್ತು. ಆದರೆ ‘ಆ ಖರ್ಚನ್ನು ಕೊಡುವವರು ಯಾರು? ನಮ್ಮ ಆರೋಗ್ಯ ವಿಮೆಯಲ್ಲಿ ಸಿಗುತ್ತದೆಯೇ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಕೇಳಿಬರುತ್ತಿದೆ. ಈ ಲೇಖನದಲ್ಲಿ ನಾವು ಅದಕ್ಕೆ ಸಾಧ್ಯವಾದಷ್ಟು ನೇರವಾಗಿ ಉತ್ತರಿಸಲು ಪ್ರಯತ್ನಿಸಿದ್ದೇವೆ.

ಕ್ಲೀನಿಂಗ್ ಎಂದರೇನು?

ನಾವು ಎಷ್ಟೇ ಚೆನ್ನಾಗಿ ಹಲ್ಲುಜ್ಜಿದರೂ ಕೆಲವೇ ಗಂಟೆಗಳಲ್ಲಿ ಹಲ್ಲಿನ ಮೇಲೆ ತೆಳುವಾದ, ಅಂಟು ಅಂಟಾದ ಪದರ ಕಟ್ಟಿಕೊಳ್ಳುತ್ತದೆ. ಇದು ರೋಗಾಣುಗಳ ಪದರ. ವೈದ್ಯರು ಇದನ್ನು ಪ್ಲೇಕ್ ಎನ್ನುತ್ತಾರೆ. ಬ್ರಷ್ಷಿನಿಂದ ಇದನ್ನು ಸುಲಭವಾಗಿ ತೆಗೆಯಬಹುದು. ತೆಗೆಯದೆ ಬಿಟ್ಟರೆ ಜೊಲ್ಲಿನಲ್ಲಿರುವ ಖನಿಜಾಂಶಗಳು ಸೇರಿ ಕೆಲವೇ ದಿನಗಳಲ್ಲಿ ಗಟ್ಟಿಯಾಗತೊಡಗುತ್ತದೆ. ಹಳದಿ ಅಥವಾ ಕಂದು ಬಣ್ಣದ ಈ ಗಟ್ಟಿ ಪದರವೇ ಕಿಟ್ಟ. ಕೆಳದವಡೆಯ ಮುಂದಿನ ಹಲ್ಲುಗಳ ಒಳಬದಿಯಲ್ಲಿ ನಾಲಗೆಗೆ ಒರಟಾಗಿ ತಾಗುವುದು ಹೆಚ್ಚಾಗಿ ಇದೇ.

ಕಿಟ್ಟ ಒಮ್ಮೆ ಕಟ್ಟಿದ ಮೇಲೆ ಬ್ರಷ್ಷಿಗೆ ಹೋಗುವುದಿಲ್ಲ. ಅದರ ಒರಟು ಮೈಮೇಲೆ ಮತ್ತಷ್ಟು ಪ್ಲೇಕ್ ಸೇರಿ ವಸಡು ಕೆಂಪಾಗುತ್ತದೆ, ಊದಿಕೊಳ್ಳುತ್ತದೆ, ಹಲ್ಲುಜ್ಜುವಾಗ ರಕ್ತ ಬರುತ್ತದೆ. ಈ ಹಂತದಲ್ಲಿ ಶುಚಿಗೊಳಿಸಿ, ಮನೆಯಲ್ಲಿ ಚೆನ್ನಾಗಿ ಉಜ್ಜಿದರೆ ವಸಡು ಪೂರ್ತಿ ಮೊದಲಿನಂತಾಗುತ್ತದೆ. ಅಲಕ್ಷಿಸಿದರೆ ಕೆಲವರಲ್ಲಿ ರೋಗ ವಸಡಿನ ಒಳಗೆ ಇಳಿದು ಹಲ್ಲನ್ನು ಹಿಡಿದಿರುವ ಎಲುಬನ್ನೇ ಸವೆಸುತ್ತದೆ. ಸವೆದ ಎಲುಬು ತಾನಾಗಿ ಮರಳಿ ಬೆಳೆಯುವುದಿಲ್ಲ. ಹಲ್ಲು ಹುಳುಕಾಗದೆ ಇದ್ದರೂ ಅಲುಗಾಡಿ ಉದುರುವುದು ಹೀಗೆಯೇ.

ದಂತವೈದ್ಯರು ಸ್ಕೇಲಿಂಗ್ ಎನ್ನುವುದು ಈ ಕಿಟ್ಟವನ್ನು ತೆಗೆಯುವ ಕೆಲಸವನ್ನು. ನೀರು ಚಿಮ್ಮುವ, ಅತಿವೇಗವಾಗಿ ಕಂಪಿಸುವ ಸಣ್ಣ ಉಪಕರಣದಿಂದ ಕಿಟ್ಟವನ್ನು ಒಡೆದು, ಕೊನೆಗೆ ಹಲ್ಲಿಗೆ ಪಾಲಿಶ್ ಮಾಡುತ್ತಾರೆ. ‘ಕ್ಲೀನಿಂಗ್ ಮಾಡಿಸಿದರೆ ಹಲ್ಲು ಸಡಿಲವಾಗುತ್ತದೆ’ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ವಾಸ್ತವವೆಂದರೆ, ಎಲುಬು ಮೊದಲೇ ಸವೆದಿರುತ್ತದೆ. ಸಂದುಗಳಲ್ಲಿ ತುಂಬಿದ್ದ ಕಿಟ್ಟ ಹೋದಾಗ ಅದು ಗೊತ್ತಾಗುತ್ತದೆ, ಅಷ್ಟೇ. ಕೆಲವು ದಿನ ತಣ್ಣೀರಿಗೆ ಜುಂ ಎನ್ನುವುದು ಸಹಜ, ಅದು ತಾನಾಗಿ ಕಡಿಮೆಯಾಗುತ್ತದೆ. ಹಲ್ಲನ್ನು ಬಿಳಿ ಮಾಡಿಸುವುದು ಬೇರೆಯೇ ಸೇವೆ. ಅದು ಸೌಂದರ್ಯಕ್ಕೆ ಸಂಬಂಧಿಸಿದ್ದು, ಆರೋಗ್ಯಕ್ಕೆ ಅಗತ್ಯವಿಲ್ಲ.

ವಿಮೆ ಏಕೆ ಕೊಡುವುದಿಲ್ಲ?

ನಮ್ಮ ದೇಶದ ಬಹುಪಾಲು ಆರೋಗ್ಯ ವಿಮೆಗಳು ಆಸ್ಪತ್ರೆಗೆ ದಾಖಲಾದವರಿಗಾಗಿ ರೂಪಿಸಿದವು. ಕ್ಲೀನಿಂಗ್, ಹುಳುಕು ತುಂಬಿಸುವುದು, ರೂಟ್ ಕೆನಾಲ್ ಇವೆಲ್ಲ ಹೊರರೋಗಿ ಚಿಕಿತ್ಸೆಗಳು. ಆದ್ದರಿಂದ ಸಾಮಾನ್ಯ ಪಾಲಿಸಿಯಲ್ಲಿ ಇವುಗಳಿಗೆ ಹಣ ಸಿಗುವುದಿಲ್ಲ. ಅಪಘಾತದಲ್ಲಿ ದವಡೆ ಅಥವಾ ಹಲ್ಲಿಗೆ ಪೆಟ್ಟಾಗಿ ಆಸ್ಪತ್ರೆಗೆ ದಾಖಲಾದರೆ ಮಾತ್ರ ಹೆಚ್ಚಿನ ಪಾಲಿಸಿಗಳು ನೆರವಾಗುತ್ತವೆ. 2020ರ ಏಪ್ರಿಲ್‌ನಲ್ಲಿ ಆರಂಭವಾದ ‘ಆರೋಗ್ಯ ಸಂಜೀವಿನಿ’ ಎಂಬ ಏಕರೂಪದ ಪಾಲಿಸಿಯಲ್ಲಿ ರೋಗ ಅಥವಾ ಗಾಯದಿಂದಾಗಿ ಅಗತ್ಯವಾದ ದಂತ ಚಿಕಿತ್ಸೆ ಸೇರಿದೆ; ಆದರೆ ಅದೂ ಆಸ್ಪತ್ರೆ ದಾಖಲಾತಿಯ ಖರ್ಚಿನ ಭಾಗವಾಗಿ. ಅದರಿಂದ ಕ್ಲೀನಿಂಗ್ ನಿರೀಕ್ಷಿಸುವಂತಿಲ್ಲ.

ಇದಕ್ಕೆ ಒಂದು ಕಾರಣವೂ ಇದೆ. ವಿಮೆ ಎನ್ನುವುದು ಯಾವಾಗ ಬರುತ್ತದೆಂದು ಗೊತ್ತಿಲ್ಲದ ದೊಡ್ಡ ನಷ್ಟವನ್ನು ಹಲವರು ಹಂಚಿಕೊಳ್ಳುವ ವ್ಯವಸ್ಥೆ. ಕ್ಲೀನಿಂಗ್ ಮೊದಲೇ ಗೊತ್ತಿರುವ ಸಣ್ಣ ಖರ್ಚು. ಅಂತಹ ಖರ್ಚನ್ನು ವಿಮೆಯ ಮೂಲಕ ಪಡೆಯಬೇಕಾದರೆ ಆ ಮೊತ್ತದ ಜೊತೆಗೆ ಕಂಪೆನಿಯ ಆಡಳಿತ ವೆಚ್ಚವನ್ನೂ ನಾವೇ ಪ್ರೀಮಿಯಂನಲ್ಲಿ ಕಟ್ಟಬೇಕಾಗುತ್ತದೆ.

ಸರಕಾರಿ ಯೋಜನೆಗಳ ಸ್ಥಿತಿಯೂ ಹೆಚ್ಚು ಭಿನ್ನವಲ್ಲ. 2018ರಿಂದ ನಮ್ಮ ರಾಜ್ಯದಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗಿನ ಆಸ್ಪತ್ರೆ ಚಿಕಿತ್ಸೆಗೆ ನೆರವಾಗುತ್ತದೆ. ಸಹಕಾರಿ ಸಂಘಗಳ ಸದಸ್ಯರಿಗಾಗಿ 2003ರಲ್ಲಿ ಜಾರಿಗೆ ಬಂದು, 2018ರಲ್ಲಿ ನಿಂತು, 2022ರಲ್ಲಿ ಮತ್ತೆ ಆರಂಭವಾದ ಯಶಸ್ವಿನಿ ಯೋಜನೆ ಮುಖ್ಯವಾಗಿ ಶಸ್ತ್ರಚಿಕಿತ್ಸೆಗಳಿಗೆ ಮೀಸಲು. ಎರಡೂ ಒಳ್ಳೆಯ ಯೋಜನೆಗಳೇ. ಆದರೆ ಹಲ್ಲು ಶುಚಿಗೊಳಿಸುವ ಖರ್ಚು ಇವುಗಳ ವ್ಯಾಪ್ತಿಗೆ ಬರುವುದಿಲ್ಲ. 2014-15ರಲ್ಲಿ ಆರಂಭವಾದ ‘ದಂತಭಾಗ್ಯ’ ಯೋಜನೆ ಬಿಪಿಎಲ್ ಹಿರಿಯರಿಗೆ ಉಚಿತ ಹಲ್ಲಿನ ಸೆಟ್ ಕೊಡಿಸುವ ಉದ್ದೇಶದ್ದು. ಅದು ಹಲ್ಲು ಹೋದ ಮೇಲಿನ ಮಾತು.

ವಿಮೆ ಎಲ್ಲಿ ಉಪಯೋಗಕ್ಕೆ ಬರುತ್ತದೆ?

ಹಾಗೆಂದು ಬಾಗಿಲು ಪೂರ್ತಿ ಮುಚ್ಚಿಲ್ಲ. ಮೊದಲನೆಯದು ಇಎಸ್‌ಐ. ಇದರಲ್ಲಿ ಆಸ್ಪತ್ರೆ ದಾಖಲಾತಿಯಷ್ಟೇ ಅಲ್ಲದೆ ಹೊರರೋಗಿ ಚಿಕಿತ್ಸೆಯೂ ಸೇರಿದೆ, ಕುಟುಂಬದವರಿಗೂ ಅನ್ವಯಿಸುತ್ತದೆ. 2019ರ ಜುಲೈಯಿಂದ ನೌಕರರ ವಂತಿಗೆ ವೇತನದ ಶೇ. 0.75, ಮಾಲಕರದ್ದು ಶೇ. 3.25. ಮಾಸಿಕ ವೇತನದ ಮಿತಿಯನ್ನು 2017ರಲ್ಲಿ 21,000 ರೂ.ಗೆ ಏರಿಸಲಾಗಿತ್ತು. ಪ್ರತಿ ತಿಂಗಳು ವಂತಿಗೆ ಕಡಿತವಾಗುತ್ತಿದ್ದರೂ ಕಾರ್ಡನ್ನು ಹೆರಿಗೆಗೋ ಅಪಘಾತಕ್ಕೋ ಮಾತ್ರ ಎಂದು ತೆಗೆದಿಡುವವರು ಅನೇಕರಿದ್ದಾರೆ. ಅಂಥವರು ತಮ್ಮ ಇಎಸ್‌ಐ ಚಿಕಿತ್ಸಾಲಯದಲ್ಲಿ ಹಲ್ಲಿನ ವಿಭಾಗಕ್ಕೆ ಚೀಟಿ ಕೊಡುವಂತೆ ಕೇಳಬೇಕು.

ಸಂಸ್ಥೆಗಳನ್ನು ನಡೆಸುವವರು ಇನ್ನೊಂದು ವಿಷಯ ಗಮನಿಸಬೇಕು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪ್ರಕಾರ 10ಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳೂ ಎರಡೂ ಕಡೆಯವರ ಒಪ್ಪಿಗೆಯಿದ್ದರೆ ಸ್ವಇಚ್ಛೆಯಿಂದ ಇಎಸ್‌ಐಗೆ ಸೇರಬಹುದು. ಚರ್ಚ್‌ಗಳ ಸಹಾಯಕರು, ಅಡುಗೆಯವರು, ಕಚೇರಿ ಸಿಬ್ಬಂದಿ, ಶಾಲೆಗಳ ಆಯಾಗಳು – ಇವರಲ್ಲಿ ಯಾರಿಗೆ ಈ ಸೌಲಭ್ಯವಿದೆ, ಯಾರಿಗಿಲ್ಲ ಎಂಬ ಪಟ್ಟಿಯನ್ನು ಪ್ರತಿಯೊಂದು ಧರ್ಮಕೇಂದ್ರವೂ ಒಮ್ಮೆ ಮಾಡಿ ನೋಡುವುದು ಒಳ್ಳೆಯದು.

ಎರಡನೆಯದು, ಕೆಲವು ಖಾಸಗಿ ಪಾಲಿಸಿಗಳಲ್ಲಿ ಹೆಚ್ಚುವರಿ ಹಣಕ್ಕೆ ಸಿಗುವ ಹೊರರೋಗಿ ಸೌಲಭ್ಯ. ಇದನ್ನು ಕೊಳ್ಳುವ ಮೊದಲು ಏಜೆಂಟರಲ್ಲಿ ನಾಲ್ಕು ಪ್ರಶ್ನೆ ಕೇಳಬೇಕು. ಸ್ಕೇಲಿಂಗ್ ಎಂಬ ಶಬ್ದ ಪಾಲಿಸಿ ಪತ್ರದಲ್ಲಿ ಇದೆಯೇ? ವರ್ಷಕ್ಕೆ ಎಷ್ಟು ರೂಪಾಯಿ ಮಿತಿ? ಎಷ್ಟು ಸಮಯ ಕಾಯಬೇಕು? ನಮ್ಮ ಊರಿನ ಸಮೀಪ ಒಪ್ಪಂದದ ಕ್ಲಿನಿಕ್ ಇದೆಯೇ? ಉದಾಹರಣೆಗೆ, ಹೆಚ್ಚುವರಿ ಪ್ರೀಮಿಯಂ 2,500 ರೂ. ಎಂದೂ ಹಲ್ಲಿಗೆ ಸಿಗುವುದು 1,000 ರೂ.ಯ ಒಂದು ಕ್ಲೀನಿಂಗ್ ಮಾತ್ರ ಎಂದೂ ಇಟ್ಟುಕೊಳ್ಳಿ. ಬೇರೆ ಹೊರರೋಗಿ ಖರ್ಚು ಇಲ್ಲದ ಮನೆಗೆ ಅದು ನಷ್ಟದ ವ್ಯಾಪಾರ. ಮಧುಮೇಹ, ರಕ್ತದೊತ್ತಡಗಳಿಗಾಗಿ ಹೇಗೂ ವೈದ್ಯರ ಬಳಿ ಹೋಗುತ್ತಿರುವವರಿಗೆ ಲಾಭವಾಗಬಹುದು. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಲಾಗಿದೆ. ಲೆಕ್ಕ ಹಾಕುವಾಗ ಇದನ್ನೂ ಗಮನಿಸಿರಿ. ಪಾಲಿಸಿ ಕೈಗೆ ಬಂದ ಮೇಲೆ ಓದಿ ನೋಡಿ, ಒಪ್ಪಿಗೆಯಾಗದಿದ್ದರೆ 30 ದಿನಗಳ ಒಳಗೆ ಹಿಂತಿರುಗಿಸಲು ಅವಕಾಶವಿದೆ.

ಮೂರನೆಯದು ಕಂಪೆನಿಗಳ ಗುಂಪು ವಿಮೆ. ಬೆಂಗಳೂರಿನಲ್ಲೋ ಗಲ್ಫ್ ದೇಶಗಳಲ್ಲೋ ಕೆಲಸ ಮಾಡುವ ನಮ್ಮವರಲ್ಲಿ ಕೆಲವರಿಗೆ ಹಲ್ಲಿನ ಚಿಕಿತ್ಸೆಗೆ ಪ್ರತ್ಯೇಕ ಮೊತ್ತ ಇರುತ್ತದೆ. ಬಳಸದಿದ್ದರೆ ಅದು ಸಾಮಾನ್ಯವಾಗಿ ವರ್ಷದ ಕೊನೆಗೆ ಮುಗಿದುಹೋಗುತ್ತದೆ. ರಜೆಯಲ್ಲಿ ಊರಿಗೆ ಬಂದಾಗ ಕೈಯಿಂದ ಹಣ ಕೊಟ್ಟು ಮಾಡಿಸುವ ಮೊದಲು ತಮ್ಮ ವಿಮೆಯ ಸೌಲಭ್ಯಗಳ ಪಟ್ಟಿಯನ್ನು ಒಮ್ಮೆ ನೋಡುವುದು ಲೇಸು.

ಹಣ ಮರಳಿ ಪಡೆಯಬೇಕಾದಲ್ಲಿ ವೈದ್ಯರ ಸಲಹಾ ಚೀಟಿ, ಅವರ ನೋಂದಣಿ ಸಂಖ್ಯೆಯಿರುವ ಬಿಲ್ಲು, ಎಕ್ಸ್‌ರೇ ತೆಗೆದಿದ್ದರೆ ಅದರ ಪ್ರತಿ – ಇವನ್ನು ಜೋಪಾನವಾಗಿಡಬೇಕು. ಅನ್ಯಾಯವಾಗಿದೆ ಎನಿಸಿದರೆ ಮೊದಲು ಕಂಪೆನಿಗೆ ಲಿಖಿತ ದೂರು ಕೊಟ್ಟು, ಪರಿಹಾರ ಸಿಗದಿದ್ದರೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಅವರನ್ನು ಉಚಿತವಾಗಿ ಸಂಪರ್ಕಿಸಬಹುದು.

ದಂತ ಕಾಲೇಜುಗಳು ನಮ್ಮ ಭಾಗ್ಯ

ವಿಮೆ ಇಲ್ಲದವರಿಗೆ ಕರಾವಳಿಯಲ್ಲಿ ಬೇರೆಡೆ ಸುಲಭವಾಗಿ ಸಿಗದ ಒಂದು ಅನುಕೂಲವಿದೆ. 1965ರಲ್ಲಿ ಮಣಿಪಾಲದಲ್ಲಿ, 1985ರಲ್ಲಿ ದೇರಳಕಟ್ಟೆಯ ಎ.ಬಿ. ಶೆಟ್ಟಿ ಸಂಸ್ಥೆಯಲ್ಲಿ, 1987ರಲ್ಲಿ ಮಣಿಪಾಲದವರಿಂದಲೇ ಮಂಗಳೂರಿನಲ್ಲಿ, 1992ರಲ್ಲಿ ಯೆನೆಪೋಯದಲ್ಲಿ ದಂತ ವೈದ್ಯಕೀಯ ಶಿಕ್ಷಣ ಆರಂಭವಾಯಿತು. ನಂತರ ಇನ್ನೂ ಕೆಲವು ಕಾಲೇಜುಗಳು ಬಂದಿವೆ. ಇಷ್ಟು ಕಡಿಮೆ ದೂರದಲ್ಲಿ ಇಷ್ಟು ದಂತ ಕಾಲೇಜುಗಳಿರುವ ಪ್ರದೇಶಗಳು ವಿರಳ.

ಕಾಲೇಜುಗಳಲ್ಲಿ ದರ ಕಡಿಮೆ ಇರುವುದಕ್ಕೆ ಕಾರಣ ಸರಳ: ವಿದ್ಯಾರ್ಥಿಗಳು ಕಲಿಯಬೇಕಾದರೆ ರೋಗಿಗಳು ಬೇಕು. ಚಿಕಿತ್ಸೆ ಕೊಡುವವರು ಕೊನೆಯ ವರ್ಷಗಳ ವಿದ್ಯಾರ್ಥಿಗಳು, ಇಂಟರ್ನ್‌ಗಳು ಅಥವಾ ಸ್ನಾತಕೋತ್ತರ ವೈದ್ಯರು. ಅಧ್ಯಾಪಕರು ಪಕ್ಕದಲ್ಲಿದ್ದು ಪರಿಶೀಲಿಸುತ್ತಾರೆ. ಖಾಸಗಿ ಕ್ಲಿನಿಕ್‌ನಲ್ಲಿ ಅರ್ಧ ಗಂಟೆಯ ಕೆಲಸಕ್ಕೆ ಇಲ್ಲಿ ಒಂದೆರಡು ಗಂಟೆ ಹಿಡಿಯಬಹುದು, ಕೆಲವೊಮ್ಮೆ ಎರಡು ಸಲ ಹೋಗಬೇಕಾಗಬಹುದು. ದಿನಗೂಲಿಯವರಿಗೆ ಒಂದು ದಿನದ ಸಂಬಳ ಹೋಗುವುದೂ ಖರ್ಚೇ. ಆದ್ದರಿಂದ ಬೆಳಿಗ್ಗೆ ಬೇಗನೆ ಹೋಗಿ ಹೆಸರು ನೋಂದಾಯಿಸಿ, ಅದೇ ದಿನ ಮನೆಯ ಇಬ್ಬರು ಮೂವರ ತಪಾಸಣೆ ಮುಗಿಸಿಕೊಳ್ಳುವುದು ಜಾಣತನ. ಕ್ಲೀನಿಂಗ್ ಮಾಡುವುದು ವಸಡಿನ ರೋಗಗಳ ವಿಭಾಗದಲ್ಲಿ.

ಮಂಗಳೂರಿನ ವೆನ್ಲಾಕ್, ಉಡುಪಿಯ ಅಜ್ಜರಕಾಡು ಜಿಲ್ಲಾ ಆಸ್ಪತ್ರೆ ಹಾಗೂ ತಾಲೂಕು ಆಸ್ಪತ್ರೆಗಳಲ್ಲಿಯೂ ದಂತವೈದ್ಯರನ್ನು ಕಾಣಬಹುದು. 2000ನೇ ಇಸವಿಯಿಂದ ಇರುವ ಮಣಿಪಾಲ ಆರೋಗ್ಯ ಕಾರ್ಡಿನಂತಹವು ವಿಮೆಯಲ್ಲ, ರಿಯಾಯಿತಿ ಕಾರ್ಡುಗಳು ಎಂಬುದನ್ನು ಮರೆಯಬಾರದು. ಹಲ್ಲಿನ ಯಾವ ಚಿಕಿತ್ಸೆಗೆ ಎಷ್ಟು ರಿಯಾಯಿತಿ ಎಂದು ಆ ವರ್ಷದ ನಿಯಮ ಓದಿ ತಿಳಿದುಕೊಳ್ಳಬೇಕು.

ಖಾಸಗಿ ಕ್ಲಿನಿಕ್‌ಗೆ ಹೋಗುವವರು ಕುರ್ಚಿಯಲ್ಲಿ ಕೂರುವ ಮೊದಲೇ ಒಟ್ಟು ಖರ್ಚು ಕೇಳುವುದರಲ್ಲಿ ನಾಚಿಕೆ ಪಡಬೇಕಾಗಿಲ್ಲ. ತಪಾಸಣೆ, ಎಕ್ಸ್‌ರೇ, ಕ್ಲೀನಿಂಗ್, ಪಾಲಿಶ್ ಎಲ್ಲ ಸೇರಿ ಎಷ್ಟು ಎಂದು ಕೇಳಿರಿ. ವಸಡಿನ ಒಳಭಾಗದ ಆಳವಾದ ಕ್ಲೀನಿಂಗ್ ಬೇಕೆಂದರೆ ಅದು ಬಾಯಿಯ ಎಷ್ಟು ಭಾಗಕ್ಕೆ, ಏಕೆ ಬೇಕು ಎಂದು ವಿವರಿಸಲು ಹೇಳಿರಿ. ಒಳ್ಳೆಯ ವೈದ್ಯರು ಬೇಸರವಿಲ್ಲದೆ ವಿವರಿಸುತ್ತಾರೆ.

ಆರು ತಿಂಗಳಿಗೊಮ್ಮೆ ಬೇಕೇ ಬೇಕೇ?

ಎಲ್ಲರಿಗೂ ಬೇಕಿಲ್ಲ. ಬ್ರಿಟನ್ನಿನ ರಾಷ್ಟ್ರೀಯ ಆರೋಗ್ಯ ಮಾರ್ಗದರ್ಶಿ ಸಂಸ್ಥೆಯಾದ ನೈಸ್ 2004ರಲ್ಲೇ ವಯಸ್ಕರ ದಂತ ತಪಾಸಣೆಯ ಅಂತರವನ್ನು ಅವರವರ ಅಪಾಯಕ್ಕನುಗುಣವಾಗಿ 3ರಿಂದ 24 ತಿಂಗಳ ನಡುವೆ ನಿರ್ಧರಿಸಬೇಕೆಂದು ಹೇಳಿತ್ತು. 2018ರಲ್ಲಿ ಪ್ರಕಟವಾದ ಕೊಕ್ರೇನ್ ಸಮೀಕ್ಷೆಯೊಂದು 1,711 ಮಂದಿಯ ಮೇಲಿನ ಎರಡು ಅಧ್ಯಯನಗಳನ್ನು ಪರಿಶೀಲಿಸಿತು. ತೀವ್ರ ವಸಡಿನ ರೋಗವಿಲ್ಲದೆ, ನಿಯಮಿತವಾಗಿ ತಪಾಸಣೆಗೆ ಬರುವವರಲ್ಲಿ ಆರು ಅಥವಾ ಹನ್ನೆರಡು ತಿಂಗಳಿಗೊಮ್ಮೆ ಕ್ಲೀನಿಂಗ್ ಮಾಡಿಸಿದವರಿಗೂ ಮಾಡಿಸದವರಿಗೂ ಎರಡು ಮೂರು ವರ್ಷಗಳಲ್ಲಿ ವಸಡಿನ ಆರೋಗ್ಯದಲ್ಲಿ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥ ಕ್ಲೀನಿಂಗ್ ವ್ಯರ್ಥ ಎಂದಲ್ಲ. ವರ್ಷಗಳಿಂದ ದಂತವೈದ್ಯರ ಮುಖ ನೋಡದವರಿಗೆ, ವಸಡಿನಲ್ಲಿ ರಕ್ತ ಬರುವವರಿಗೆ, ಮಧುಮೇಹಿಗಳಿಗೆ, ತಂಬಾಕು ಅಥವಾ ಎಲೆಅಡಿಕೆ ಸೇವಿಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಆದರೆ ಬಾಯಿ ಶುಚಿಯಾಗಿಟ್ಟುಕೊಂಡವರು ‘ನನಗೆ ಮುಂದಿನ ಸಲ ಯಾವಾಗ ಬೇಕಾದೀತು?’ ಎಂದು ವೈದ್ಯರನ್ನೇ ಕೇಳಿ ಅಂತರ ನಿಗದಿಪಡಿಸಿಕೊಳ್ಳಬಹುದು. ತಪಾಸಣೆ ತಪ್ಪಿಸಬೇಡಿ; ಕ್ಲೀನಿಂಗ್ ಅಗತ್ಯಕ್ಕೆ ತಕ್ಕಂತೆ ಇರಲಿ. ಖರ್ಚು ಕಡಿಮೆ ಮಾಡುವ ಪ್ರಾಮಾಣಿಕ ದಾರಿ ಇದು.

ಹೃದಯದ ಕವಾಟಕ್ಕೆ ಚಿಕಿತ್ಸೆ ಮಾಡಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಕ್ಲೀನಿಂಗ್‌ಗೆ ಮೊದಲೇ ಅದನ್ನು ತಿಳಿಸಬೇಕು. ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಗರ್ಭಿಣಿಯರು ಕ್ಲೀನಿಂಗ್ ಮಾಡಿಸಿಕೊಳ್ಳಬಹುದು. ನಾಲ್ಕರಿಂದ ಆರನೇ ತಿಂಗಳ ಅವಧಿ ಹೆಚ್ಚು ಅನುಕೂಲಕರ.

ಮನೆಯಲ್ಲೇ ಇರುವ ಅಗ್ಗದ ವಿಮೆ

ದಿನಕ್ಕೆರಡು ಸಲ, ಪ್ರತಿ ಸಲ ಎರಡು ನಿಮಿಷ, ಮೃದುವಾದ ಬ್ರಷ್ಷು ಮತ್ತು ಫ್ಲೋರೈಡ್ ಇರುವ ಪೇಸ್ಟು – ಇದಕ್ಕಿಂತ ಅಗ್ಗದ ವಿಮೆ ಬೇರೊಂದಿಲ್ಲ. ಎರಡರಲ್ಲಿ ರಾತ್ರಿ ಮಲಗುವ ಮುನ್ನ ಉಜ್ಜುವುದನ್ನು ಮಾತ್ರ ಬಿಡಬಾರದು. ನಿದ್ದೆಯಲ್ಲಿ ಜೊಲ್ಲು ಕಡಿಮೆಯಾಗುವುದರಿಂದ ಹಲ್ಲಿಗೆ ರಕ್ಷಣೆಯೂ ಕಡಿಮೆ. ಬ್ರಷ್ಷನ್ನು ವಸಡಿನ ಅಂಚಿಗೆ ಓರೆಯಾಗಿ ಹಿಡಿದು ಮೆಲ್ಲಗೆ ಉಜ್ಜಬೇಕು. ಪಾತ್ರೆ ತಿಕ್ಕಿದಂತೆ ತಿಕ್ಕಿದರೆ ಹಲ್ಲು ಸವೆಯುತ್ತದೆ. ರಕ್ತ ಬರುತ್ತದೆಂದು ಆ ಜಾಗವನ್ನು ಬಿಟ್ಟರೆ ರೋಗ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ಹಳೆಯ ತಲೆಮಾರಿನವರು ಮಾವಿನ ಎಲೆ, ಉಮಿಯ ಮಸಿ, ಉಪ್ಪು ಬಳಸುತ್ತಿದ್ದರು. ಮಸಿ ಮತ್ತು ಒರಟು ಪುಡಿಗಳು ಹಲ್ಲಿನ ಮೇಲ್ಪದರವನ್ನು ಸವೆಸುತ್ತವೆ. ಇವುಗಳಲ್ಲಿ ಹುಳುಕು ತಡೆಯುವಷ್ಟು ಫ್ಲೋರೈಡ್ ಇರುವುದಿಲ್ಲ. ಪೇಟೆಯಲ್ಲಿ ಸಿಗುವ ಉಕ್ಕಿನ ಕಡ್ಡಿಗಳಿಂದ ಮನೆಯಲ್ಲೇ ಕಿಟ್ಟ ಕೆರೆಯುವ ಸಾಹಸವಂತೂ ಖಂಡಿತ ಬೇಡ.

ಮಕ್ಕಳ ವಿಷಯದಲ್ಲಿ ಒಂದು ಮಾತು. ಸುಮಾರು ಆರನೇ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ ಹುಟ್ಟುವ ದವಡೆಹಲ್ಲು ಶಾಶ್ವತವಾದದ್ದು. ‘ಹೇಗೂ ಬಿದ್ದು ಬೇರೆ ಬರುತ್ತದೆ’ ಎಂದು ಹಲವರು ಅದನ್ನು ಅಲಕ್ಷಿಸುತ್ತಾರೆ. ಅದರ ಮೇಲಿನ ಗುಳಿಗಳನ್ನು ಸೀಲೆಂಟ್ ಎಂಬ ಲೇಪದಿಂದ ಮುಚ್ಚಿಸುವುದು ಮುಂದೆ ರೂಟ್ ಕೆನಾಲ್ ಮಾಡಿಸುವುದಕ್ಕಿಂತ ಎಷ್ಟೋ ಅಗ್ಗ. ಮೂರು ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟು, ಆ ಮೇಲೆ ಆರು ವರ್ಷದವರೆಗೆ ಬಟಾಣಿಯಷ್ಟು ಪೇಸ್ಟು ಸಾಕು.

ಅಡಿಕೆ ನಮ್ಮ ಜಿಲ್ಲೆಗಳ ಬದುಕಿಗೆ ಆಧಾರವಾದ ಬೆಳೆ. ಆದರೂ ಸತ್ಯವನ್ನು ಹೇಳಲೇಬೇಕು: ತಂಬಾಕು ಸೇರಿಸದ ಎಲೆಅಡಿಕೆಯೂ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ತನ್ನ ವರದಿಯಲ್ಲಿ ತಿಳಿಸಿದೆ. ಜಗಿಯುವ ಅಭ್ಯಾಸವಿರುವವರು ಕ್ಲೀನಿಂಗ್‌ಗೆ ಹೋದಾಗ ಕೆನ್ನೆಯ ಒಳಭಾಗ ಮತ್ತು ನಾಲಗೆಯನ್ನೂ ಪರೀಕ್ಷಿಸುವಂತೆ ಕೇಳಿಕೊಳ್ಳಬೇಕು. ಎರಡು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ತಡಮಾಡಬಾರದು.

ಧರ್ಮಕೇಂದ್ರದಲ್ಲಿ ಏನು ಮಾಡಬಹುದು?

ಉಚಿತ ದಂತ ಶಿಬಿರಗಳು ನಮ್ಮಲ್ಲಿ ಹೊಸದಲ್ಲ. ಆದರೆ ಅನೇಕ ಕಡೆ ತಪಾಸಣೆಯಾಗಿ, ಚೀಟಿ ಕೊಟ್ಟು, ಫೋಟೋ ತೆಗೆಯುವಲ್ಲಿಗೆ ಕೆಲಸ ಮುಗಿಯುತ್ತದೆ. ಚೀಟಿ ಪಡೆದ ವೃದ್ಧರನ್ನು ಕಾಲೇಜಿಗೆ ಕರೆದೊಯ್ಯುವವರಿಲ್ಲ. ಶಿಬಿರ ನಡೆಸುವ ದಿನವೇ ಎರಡನೆಯ ದಿನಾಂಕವನ್ನೂ, ವಾಹನವನ್ನೂ ನಿಗದಿಮಾಡಿದರೆ ಅರ್ಧ ಕೆಲಸ ಗೆದ್ದಂತೆ. ಹಲವು ದಂತ ಕಾಲೇಜುಗಳಿಗೆ ಸ್ಥಳದಲ್ಲೇ ಕ್ಲೀನಿಂಗ್ ಮಾಡುವ ಸಂಚಾರಿ ಬಸ್ಸುಗಳಿವೆ; ಕೇವಲ ತಪಾಸಣೆಗೆ ಬದಲು ಬಸ್ಸನ್ನೇ ಕಳುಹಿಸಲು ಮುಂಚಿತವಾಗಿ ಪತ್ರ ಬರೆದು ಕೇಳಬಹುದು.

ಸ್ವಸಹಾಯ ಗುಂಪುಗಳಿಗೂ ಒಂದು ಸಲಹೆ. ಕ್ಲೀನಿಂಗ್‌ಗೆ ವರ್ಷಕ್ಕೆ 1,000 ರೂ. ಎಂದು ಲೆಕ್ಕ ಹಿಡಿದರೆ ವಾರಕ್ಕೆ 20 ರೂ. ಸಾಕು. ನಾಲ್ವರ ಕುಟುಂಬಕ್ಕೆ ವಾರಕ್ಕೆ 80 ರೂ. ಈ ಮೊತ್ತವನ್ನು ಬೇರೆಯಾಗಿ ಬರೆದಿಟ್ಟು, ಹಲ್ಲಿಗಲ್ಲದೆ ಬೇರೆ ಯಾವುದಕ್ಕೂ ಮುಟ್ಟದಿದ್ದರೆ ಅದೇ ಒಂದು ವಿಮೆ. ಪ್ರೀಮಿಯಂ ನಮ್ಮದೇ, ಉಳಿತಾಯವೂ ನಮ್ಮದೇ. ಆ ವರ್ಷ ಕ್ಲೀನಿಂಗ್ ಬೇಕಾಗದಿದ್ದರೆ ಹಣ ಮುಂದಿನ ವರ್ಷಕ್ಕೆ ಉಳಿಯುತ್ತದೆ. ಯಾವ ಕಂಪೆನಿಯ ವಿಮೆಯಲ್ಲೂ ಇಷ್ಟು ಸುಲಭವಾಗಿ ಇದು ಸಿಗದು.

ಒಟ್ಟಿನಲ್ಲಿ, ದೊಡ್ಡ ಕಾಯಿಲೆಗೆ ಆರೋಗ್ಯ ವಿಮೆ ಇರಲಿ. ಇಎಸ್‌ಐ ಅಥವಾ ಗುಂಪು ವಿಮೆ ಇದ್ದವರು ಅದನ್ನು ಹಲ್ಲಿಗೂ ಬಳಸಲಿ. ಇಲ್ಲದವರಿಗೆ ದಂತ ಕಾಲೇಜಿನ ಬಾಗಿಲು ತೆರೆದಿದೆ. ಎಲ್ಲರಿಗೂ ರಾತ್ರಿಯ ಎರಡು ನಿಮಿಷ ಕಡ್ಡಾಯ. ನಿಮ್ಮ ಮನೆಯಲ್ಲಿ ಹಲ್ಲುಜ್ಜುವಾಗ ರಕ್ತ ಬರುತ್ತಿರುವವರು ಯಾರಾದರೂ ಇದ್ದರೆ, ನೋವು ಬರುವವರೆಗೆ ಕಾಯದೆ ಈ ತಿಂಗಳಲ್ಲೇ ತಪಾಸಣೆಗೆ ಕಳುಹಿಸಿರಿ ಎಂಬುದು ನಮ್ಮ ವಿನಂತಿ.